ತುಮಕೂರಿನಲ್ಲಿ ಮನೆಮಟ್ಟದ ಗಾಳಿ ಸೆನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಮಹಡಿಯ ಮೇಲೋ ಶಾಲೆಯ ಕಾರಿಡಾರಿನಲ್ಲೋ ಗಾಳಿಯ ಧೂಳು ಅಳೆಯುವ ಸೆನ್ಸರ್ ಹಾಕಬೇಕು ಅಂದುಕೊಂಡಿರುವವರಿಗೆ, ಈಗಾಗಲೇ ಹಾಕಿ ಅದು ತೋರಿಸುವ ಅಂಕಿಯನ್ನು ನಂಬುವುದೋ ಬಿಡುವುದೋ ಎಂದು ಗೊಂದಲದಲ್ಲಿರುವವರಿಗೆ ಈ ಉತ್ತರಗಳು. ಒಂದು ವಿಷಯ ಮೊದಲೇ ತಿಳಿದಿರಲಿ. ಕಡಿಮೆ ಬೆಲೆಯ ಸೆನ್ಸರ್ ಹೊಗೆಯನ್ನು ಚೆನ್ನಾಗಿ ಹಿಡಿಯುತ್ತದೆ, ಮಣ್ಣು ಮತ್ತು ಕಲ್ಲಿನ ಧೂಳನ್ನು ಸರಿಯಾಗಿ ಹಿಡಿಯುವುದಿಲ್ಲ. ನಮ್ಮ ಕಡೆ ಎರಡೂ ಇವೆ. ಈ ವ್ಯತ್ಯಾಸ ಗೊತ್ತಿದ್ದರೆ ಸೆನ್ಸರ್ ತುಂಬಾ ಉಪಯೋಗಕ್ಕೆ ಬರುತ್ತದೆ, ಗೊತ್ತಿಲ್ಲದಿದ್ದರೆ ದಾರಿ ತಪ್ಪಿಸುತ್ತದೆ.

ಸರ್ಕಾರದ ಮಾಪನ ಕೇಂದ್ರ ಇರುವಾಗ ಮನೆಗೊಂದು ಸೆನ್ಸರ್ ಯಾಕೆ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ ತುಮಕೂರಿಗೆ ತಿಮ್ಮಲಾಪುರದ ಹೆಸರಿನಲ್ಲಿ, ಕೋಲಾರಕ್ಕೆ ಟಮಕ ಕೈಗಾರಿಕಾ ಪ್ರದೇಶದ ಹೆಸರಿನಲ್ಲಿ, ಚಿಕ್ಕಬಳ್ಳಾಪುರಕ್ಕೆ ಗ್ರಾಮಾಂತರ ಎಂಬ ಹೆಸರಿನಲ್ಲಿ ನಿರಂತರ ಮಾಪನ ಕೇಂದ್ರಗಳಿವೆ. ಇವುಗಳನ್ನು ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಲ್ಲಿನ ಯಂತ್ರಗಳ ಮುಂದೆ ಮನೆ ಸೆನ್ಸರ್ ನಿಲ್ಲುವುದಿಲ್ಲ. ಆದರೆ ಅವು ಹೇಳುವುದು ತಾವು ನಿಂತ ಜಾಗದ ಗಾಳಿಯ ಬಗ್ಗೆ ಮಾತ್ರ. ಕ್ಯಾತ್ಸಂದ್ರದ ಹೆದ್ದಾರಿ ಪಕ್ಕ, ಬಟವಾಡಿ ವೃತ್ತ, ಮಂಡಿಪೇಟೆಯ ಇಕ್ಕಟ್ಟಿನ ಬೀದಿ, ಅಂತರಸನಹಳ್ಳಿಯ ಕಾರ್ಖಾನೆ ಸಾಲು, ಅಮಾನಿಕೆರೆ ದಂಡೆ: ಇವೆಲ್ಲದರ ಗಾಳಿ ಒಂದೇ ಗಂಟೆಯಲ್ಲಿ ಬೇರೆ ಬೇರೆಯಾಗಿರುತ್ತದೆ.

ಇನ್ನೊಂದು ಕಾರಣವೂ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿರುವುದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ತುಮಕೂರು ಅದರಲ್ಲಿಲ್ಲ. ಬೀದಿ ಮಟ್ಟದ ಮಾಹಿತಿ ಬೇಕೆಂದರೆ ಸದ್ಯಕ್ಕೆ ನಾವೇ ಅಳೆದುಕೊಳ್ಳಬೇಕು.

ಪಿಎಂ 2.5, ಪಿಎಂ 10 ಎಂದರೇನು? ಎಷ್ಟಿದ್ದರೆ ಸರಿ?

ಗಾಳಿಯಲ್ಲಿ ತೇಲುವ ಕಣಗಳಲ್ಲಿ 10 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಮತ್ತು ಅದಕ್ಕಿಂತ ಸಣ್ಣವು ಪಿಎಂ 10, ಅವುಗಳಲ್ಲೇ 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣವು ಪಿಎಂ 2.5. ಕಸ, ಸೌದೆ, ಡೀಸೆಲ್ ಹೊಗೆಯೆಲ್ಲ ಹೆಚ್ಚಾಗಿ ಸಣ್ಣ ಗುಂಪಿಗೆ ಸೇರಿದ್ದು. ರಸ್ತೆಯ ಮಣ್ಣು, ಕ್ರಷರ್ ಪುಡಿ, ಸಿಮೆಂಟ್ ಹೆಚ್ಚಾಗಿ ದೊಡ್ಡ ಗುಂಪಿನವು. ಅಳತೆ ಘನ ಮೀಟರ್ ಗಾಳಿಗೆ ಇಷ್ಟು ಮೈಕ್ರೋಗ್ರಾಂ ಎಂದು. ಮುಂದೆ ಬರೀ ಅಂಕಿ ಬಂದಲ್ಲಿ ಹೀಗೇ ಓದಿಕೊಳ್ಳಿ.

2009ರ ಭಾರತದ ಮಾನದಂಡದ ಪ್ರಕಾರ ಪಿಎಂ 2.5ರ 24 ಗಂಟೆಯ ಸರಾಸರಿ 60, ವಾರ್ಷಿಕ ಸರಾಸರಿ 40 ದಾಟಬಾರದು. ಪಿಎಂ 10ಕ್ಕೆ ಇವೇ ಮಿತಿಗಳು 100 ಮತ್ತು 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಇದಕ್ಕಿಂತ ಬಹಳ ಬಿಗಿ: ಪಿಎಂ 2.5ಕ್ಕೆ ದಿನಕ್ಕೆ 15, ವರ್ಷಕ್ಕೆ 5.

ಒಂದು ಆ್ಯಪ್ 92 ಅನ್ನುತ್ತದೆ, ಇನ್ನೊಂದು 149 ಅನ್ನುತ್ತದೆ. ಯಾವುದು ಸುಳ್ಳು?

ಎರಡೂ ನಿಜ ಇರಬಹುದು. ಎಕ್ಯೂಐ (ವಾಯು ಗುಣಮಟ್ಟ ಸೂಚ್ಯಂಕ) ಅನ್ನುವುದು ಅಳತೆಯಲ್ಲ, ಅಳತೆಯಿಂದ ಲೆಕ್ಕ ಹಾಕಿದ ಸೂಚ್ಯಂಕ. ಒಂದೊಂದು ದೇಶದ ಕೋಷ್ಟಕ ಒಂದೊಂದು ಥರ. ದಿನದ ಪಿಎಂ 2.5 ಸರಾಸರಿ 55 ಇದೆ ಎಂದುಕೊಳ್ಳಿ. ಭಾರತದ ಕೋಷ್ಟಕದಲ್ಲಿ ಅದು 92, ಅಂದರೆ ‘ತೃಪ್ತಿಕರ’. ಅಮೆರಿಕ 2024ರಲ್ಲಿ ಬದಲಿಸಿದ ಕೋಷ್ಟಕದಲ್ಲಿ ಅದೇ 55ಕ್ಕೆ 149, ಅಂದರೆ ಸೂಕ್ಷ್ಮ ಆರೋಗ್ಯದವರಿಗೆ ಒಳ್ಳೆಯದಲ್ಲ. ಗಾಳಿ ಒಂದೇ, ಹಣೆಪಟ್ಟಿ ಬೇರೆ.

ಹಾಗಾಗಿ ನೆರೆಯವರ ಜತೆ ಹೋಲಿಸುವಾಗ ಎಕ್ಯೂಐ ಬಿಟ್ಟು ಮೈಕ್ರೋಗ್ರಾಂ ಲೆಕ್ಕದಲ್ಲೇ ಮಾತಾಡಿ. ಕೆಲವು ಆ್ಯಪ್‌ಗಳು ಹತ್ತಿರದಲ್ಲಿ ಯಂತ್ರವೇ ಇಲ್ಲದಿದ್ದರೂ ಉಪಗ್ರಹ ಮತ್ತು ಹವಾಮಾನ ಮಾದರಿಯಿಂದ ಅಂದಾಜು ಮಾಡಿ ಊರಿನ ಹೆಸರಲ್ಲಿ ಅಂಕಿ ತೋರಿಸುತ್ತವೆ. ಅದು ಅಳೆದದ್ದಲ್ಲ. ಭಾರತದ ಎಕ್ಯೂಐ ಲೆಕ್ಕಕ್ಕೆ ಕನಿಷ್ಠ 3 ಮಾಲಿನ್ಯಕಾರಕಗಳ ಅಳತೆ ಬೇಕು, ಅದರಲ್ಲಿ ಒಂದು ಪಿಎಂ 2.5 ಅಥವಾ ಪಿಎಂ 10 ಆಗಿರಬೇಕು, ಕನಿಷ್ಠ 16 ಗಂಟೆಯ ಮಾಹಿತಿ ಇರಬೇಕು. ಮನೆ ಮುಂದೆ ಲಾರಿ ಹೋದ ಕ್ಷಣದ 180ನ್ನು ನೋಡಿ ‘ಎಕ್ಯೂಐ ಕೆಟ್ಟಿದೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಹಾಕುವುದು ಸರಿಯಲ್ಲ.

ಯಾವ ಸೆನ್ಸರ್ ತಗೊಳ್ಳಲಿ?

ಮೂರು ಹೆಸರು ಪದೇ ಪದೇ ಕೇಳಿಬರುತ್ತವೆ: ನೋವಾ ಕಂಪನಿಯ ಎಸ್‌ಡಿಎಸ್ 011, ಪ್ಲಾಂಟವರ್‌ನ ಪಿಎಂಎಸ್ 5003, ಸೆನ್ಸಿರಿಯನ್‌ನ ಎಸ್‌ಪಿಎಸ್ 30. ಮೊದಲನೆಯದು ಅಂಗೈ ಅಗಲದ್ದು, ಬಿಚ್ಚಿ ಜೋಡಿಸುವುದು ಸುಲಭ, ಉಚಿತ ಸಾಫ್ಟ್‌ವೇರ್ ಬೆಂಬಲ ಹೆಚ್ಚು. ಎರಡನೆಯದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು; ಪರ್ಪಲ್‌ಏರ್ ಎಂಬ ಸಿದ್ಧ ಉಪಕರಣದ ಒಳಗೆ ಇಂಥವೇ 2 ಇರುತ್ತವೆ, ಒಂದು ಕೆಟ್ಟರೆ ಇನ್ನೊಂದರ ಜತೆ ತಾಳೆಯಾಗದೆ ತಕ್ಷಣ ಗೊತ್ತಾಗಲಿ ಎಂದು. ಮೂರನೆಯದಕ್ಕೆ ದುಡ್ಡು ಜಾಸ್ತಿ, ಆದರೆ ಬಾಳಿಕೆ ಹೆಚ್ಚು. ಫ್ಯಾನನ್ನು ಜೋರಾಗಿ ತಿರುಗಿಸಿ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ.

ಮೊದಲ ಬಾರಿ ಕಟ್ಟುವವರಿಗೆ ನಮ್ಮ ಸಲಹೆ ಎಸ್‌ಡಿಎಸ್ 011. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಬಿಡುವುದಾದರೆ ಎಸ್‌ಪಿಎಸ್ 30. ಅಂಗಡಿಯಲ್ಲಿ ‘ಏರ್ ಕ್ವಾಲಿಟಿ ಮೀಟರ್’ ಎಂದು ಮಾರುವ, ಒಳಗೆ ಯಾವ ಸೆನ್ಸರ್ ಇದೆ ಎಂದು ಎಲ್ಲೂ ಬರೆಯದ ಡಬ್ಬಿ ಬೇಡವೇ ಬೇಡ.

ಕ್ರಷರ್ ಧೂಳು ಕಣ್ಣಿಗೇ ಕಾಣುತ್ತದೆ, ಸೆನ್ಸರ್ ಮಾತ್ರ ‘ಗಾಳಿ ಚೆನ್ನಾಗಿದೆ’ ಅನ್ನುತ್ತದೆ. ಯಾಕೆ?

ನಮ್ಮ ಭಾಗದಲ್ಲಿ ಎಲ್ಲರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಸೆನ್ಸರ್ ಒಳಗೆ ಒಂದು ಪುಟ್ಟ ಫ್ಯಾನ್ ಗಾಳಿಯನ್ನು ಎಳೆಯುತ್ತದೆ. ಆ ಗಾಳಿ ಲೇಸರ್ ಕಿರಣವನ್ನು ಹಾದು ಹೋಗುವಾಗ ಕಣಗಳಿಗೆ ಬಡಿದ ಬೆಳಕು ಚದುರುತ್ತದೆ. ಆ ಚದುರಿದ ಬೆಳಕನ್ನು ಅಳೆದು ‘ಇಷ್ಟು ಕಣ, ಇಷ್ಟು ತೂಕ’ ಎಂದು ಲೆಕ್ಕ ಕಟ್ಟುತ್ತದೆ. ಅಂದರೆ ಸೆನ್ಸರ್ ತೂಕ ಹಾಕುವುದಿಲ್ಲ, ಊಹಿಸುತ್ತದೆ. ಆ ಊಹೆ ಹೊಗೆಯಂಥ 1 ಮೈಕ್ರಾನ್‌ಗಿಂತ ಸಣ್ಣ ಕಣಗಳಿಗೆ ಚೆನ್ನಾಗಿ ಹೊಂದುತ್ತದೆ. 5–10 ಮೈಕ್ರಾನಿನ ಕಲ್ಲುಪುಡಿ ಭಾರ. ಫ್ಯಾನಿನ ದುರ್ಬಲ ಎಳೆತಕ್ಕೆ ಅದು ಸಿಗುವುದಿಲ್ಲ, ಸಿಕ್ಕರೂ ಒಳಗಿನ ತಿರುವಿನಲ್ಲಿ ಗೋಡೆಗೆ ಬಡಿದು ಅಲ್ಲೇ ಕೂರುತ್ತದೆ. ಪರದೆಯ ಮೇಲೆ ಬರುವ ಪಿಎಂ 10 ಬಹುಪಾಲು ಸಣ್ಣ ಕಣಗಳ ಎಣಿಕೆಯಿಂದ ಹಿಗ್ಗಿಸಿ ಬರೆದದ್ದು. ಪಿಎಂಎಸ್ 5003ರಲ್ಲಿ ಈ ದೋಷ ಹೆಚ್ಚು. ಎಸ್‌ಡಿಎಸ್ 011 ಸ್ವಲ್ಪ ವಾಸಿ, ಆದರೂ ನಂಬುವಷ್ಟಲ್ಲ.

ಕ್ವಾರಿ, ಕ್ರಷರ್, ಡಾಂಬರು ಕಿತ್ತುಹೋದ ರಸ್ತೆ, ಚಿಕ್ಕಬಳ್ಳಾಪುರದ ಕಲ್ಲುಗಣಿಗಳ ಪಕ್ಕದ ಊರು, ಕೆಜಿಎಫ್‌ನಲ್ಲಿ ಗಾಳಿ ಬೀಸಿದಾಗ ಸೈನೈಡ್ ದಿಬ್ಬದಿಂದ (ಚಿನ್ನದ ಗಣಿಯ ತ್ಯಾಜ್ಯದ ಗುಡ್ಡೆ) ಏಳುವ ಬಿಳಿ ಪುಡಿ: ಇಂಥ ಕಡೆ ಮನೆ ಸೆನ್ಸರ್ ತೋರಿಸುವ ಪಿಎಂ 10ನ್ನು ಸಾಕ್ಷಿಯಾಗಿ ಹಿಡಿದುಕೊಂಡು ಹೋಗಬೇಡಿ. ಅದು ಕಡಿಮೆ ತೋರಿಸುತ್ತದೆ, ಎದುರಿನವರು ಅದನ್ನೇ ನಿಮ್ಮ ಮೇಲೆ ತಿರುಗಿಸುತ್ತಾರೆ.

ಹಾಗಾದರೆ ದಪ್ಪ ಧೂಳನ್ನು ಅಳೆಯಲು ಬೇರೆ ದಾರಿ ಇಲ್ಲವೇ?

ಇದೆ, ಹಳೆಯದು, ಕರೆಂಟೂ ಬೇಡ. ಬೀಳುವ ಧೂಳನ್ನು ಪಾತ್ರೆಯಲ್ಲಿ ಹಿಡಿದು ತೂಗುವುದು. ಬಾಯಿಯ ಅಗಲ 30 ಸೆಂಟಿಮೀಟರ್ ಇರುವ, ಅಷ್ಟೇ ಆಳದ ಸ್ಟೀಲ್ ಪಾತ್ರೆ ತಗೊಳ್ಳಿ. ಮರ, ಸೂರು, ನೀರಿನ ಟ್ಯಾಂಕಿನಿಂದ ದೂರದಲ್ಲಿ, ಮಹಡಿಯ ಮೇಲೆ ಒಂದೂವರೆ ಮೀಟರ್ ಎತ್ತರದ ಸ್ಟ್ಯಾಂಡಿನಲ್ಲಿಟ್ಟು ಮೂರು ಬೆರಳು ನೀರು ಹಾಕಿ. ನೀರು ಇಲ್ಲದಿದ್ದರೆ ಬಿದ್ದ ಧೂಳು ಮತ್ತೆ ಹಾರಿಹೋಗುತ್ತದೆ. ಬೋರ್‌ವೆಲ್ ನೀರು ಮಾತ್ರ ಹಾಕಬೇಡಿ. ಗಡಸು ನೀರು ಆರಿದಾಗ ಉಳಿಯುವ ಬಿಳಿ ಉಪ್ಪು ಧೂಳಿನ ತೂಕಕ್ಕೆ ಸೇರಿಬಿಡುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ, ಬಿಸಿಲಿಗೆ ಆರಿದಷ್ಟು ಮತ್ತೆ ಅದನ್ನೇ ತುಂಬಿ. ಮೇಲೆ ಅಗಲ ಕಣ್ಣಿನ ತಂತಿ ಬಲೆ ಹಾಕಿದರೆ ಎಲೆ, ಕಾಗೆ ಬರುವುದಿಲ್ಲ.

15 ದಿನ ಬಿಟ್ಟು ನೀರನ್ನು ಹುಳುಹುಪ್ಪಟೆ ತೆಗೆದು, ಮೊದಲೇ ತೂಗಿಟ್ಟ ಸ್ಟೀಲ್ ಬಟ್ಟಲಿಗೆ ಸುರಿದು, ಪಾತ್ರೆಯನ್ನೂ ಅದೇ ನೀರಲ್ಲಿ ತೊಳೆದು ಸೇರಿಸಿ. ಕುದಿಯದಂತೆ ಸಣ್ಣ ಉರಿಯಲ್ಲಿ ಪೂರ್ತಿ ಆರಿಸಿ, ತಣ್ಣಗಾದ ಮೇಲೆ ಚಿನ್ನ ತೂಗುವಂಥ 0.01 ಗ್ರಾಂ ತಕ್ಕಡಿಯಲ್ಲಿ ತೂಗಿ. 30 ಸೆಂಟಿಮೀಟರ್ ಬಾಯಿಯ ವಿಸ್ತೀರ್ಣ 0.0707 ಚದರ ಮೀಟರ್. ಸಿಕ್ಕಿದ ಧೂಳು 1.06 ಗ್ರಾಂ ಆದರೆ, ಅದನ್ನು 0.0707ರಿಂದ, ಮತ್ತೆ 15ರಿಂದ ಭಾಗಿಸಿ: ದಿನಕ್ಕೆ ಚದರ ಮೀಟರಿಗೆ 1 ಗ್ರಾಂ. ಒಂದು ಪಾತ್ರೆ ಕ್ರಷರ್ ಕಡೆಗೆ, ಇನ್ನೊಂದು ಊರಿನ ಆಚೆ ತುದಿಯಲ್ಲಿ ಏಕಕಾಲಕ್ಕೆ ಇಟ್ಟರೆ ಎರಡರ ಅಂತರವೇ ಮಾತಾಡುತ್ತದೆ. ಮಳೆಗಾಲದಲ್ಲಿ ಪಾತ್ರೆ ತುಂಬಿ ಹರಿಯುವುದರಿಂದ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಮಾಡಿ.

ಸೆನ್ಸರ್ ಕಟ್ಟಲು ಏನೇನು ಬೇಕು? ಖರ್ಚು ಎಷ್ಟು?

ಎಸ್‌ಡಿಎಸ್ 011, ಅಂಕಿಗಳನ್ನು ವೈಫೈ ಮೂಲಕ ಕಳಿಸುವ ನೋಡ್‌ಎಂಸಿಯು ಇಎಸ್‌ಪಿ 8266 ಬೋರ್ಡ್, ತಾಪ ಮತ್ತು ತೇವಾಂಶಕ್ಕೆ ಬಿಎಂಇ 280, ಎರಡೂ ಕಡೆ ತೂತಿರುವ ಜಂಪರ್ ವೈರ್ 10, ಒಳ ಅಳತೆ 6 ಮಿಲಿಮೀಟರ್ ಇರುವ ಮೆತ್ತನೆಯ ಪೈಪ್ 20 ಸೆಂಟಿಮೀಟರ್, 5 ವೋಲ್ಟ್ 1 ಆಂಪಿಯರ್ ಚಾರ್ಜರ್, ಮೈಕ್ರೋ ಯುಎಸ್‌ಬಿ ಕೇಬಲ್, ಕೇಬಲ್ ಟೈ, ಸೊಳ್ಳೆ ಪರದೆಯ ತುಂಡು, ಪಿವಿಸಿ ಎಲ್ಬೋ 2. ಎಲ್ಲ ಸೇರಿ ಅಂದಾಜು 3 ರಿಂದ 4 ಸಾವಿರ ಹಿಡಿದುಕೊಳ್ಳಿ. ಎಲೆಕ್ಟ್ರಾನಿಕ್ ಸಾಮಾನು ಆನ್‌ಲೈನಿನಲ್ಲಿ ಅಥವಾ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಮಿಕ್ಕಿದ್ದು ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿದೆ. ಎಲ್ಬೋ 4 ಇಂಚಿನದು ತಗೊಳ್ಳಿ. 3 ಇಂಚಿನದಕ್ಕೆ 7 ಸೆಂಟಿಮೀಟರ್ ಅಗಲದ ಸೆನ್ಸರ್ ತೂರಿಸಲು ಒದ್ದಾಡಬೇಕಾಗುತ್ತದೆ.

ಅಕ್ವೇರಿಯಂ ಪೈಪ್ ನಡೆಯುತ್ತದೆ ಎನ್ನುತ್ತಾರೆ. ಸಾಮಾನ್ಯವಾಗಿ ಸಿಗುವುದು 4 ಮಿಲಿಮೀಟರಿನದು, ಅದು ಸೆನ್ಸರ್ ಮೂತಿಗೆ ಹಿಡಿಯುವುದಿಲ್ಲ. ಬಿಎಂಇ 280 ಕೇಳಿದರೆ ಬಿಎಂಪಿ 280 ಕೊಡುವುದೂ ಉಂಟು. ಅದರಲ್ಲಿ ತೇವಾಂಶ ಅಳೆಯುವ ಭಾಗವೇ ಇಲ್ಲ. ಜೋಡಿಸಿದ ಮೇಲೆ ತೇವಾಂಶದ ಅಂಕಿ ಬರದಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಜೋಡಿಸುವ ಕ್ರಮ?

ಸೆನ್ಸರ್ ಡಾಟ್ ಕಮ್ಯುನಿಟಿ ಎಂಬ ಜಾಲದ ಸಾಫ್ಟ್‌ವೇರ್ ಬಳಸುವ ಕ್ರಮವಿದು. 2015ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ನಾಗರಿಕರು ಶುರು ಮಾಡಿದ ಈ ಜಾಲದಲ್ಲಿ ಯಾರು ಬೇಕಾದರೂ ಸೇರಬಹುದು, ಮಾಹಿತಿ ಎಲ್ಲರಿಗೂ ತೆರೆದಿರುತ್ತದೆ.

ಮೊದಲು ಬೋರ್ಡನ್ನು ಕಂಪ್ಯೂಟರಿಗೆ ಚುಚ್ಚಿ ಸಾಫ್ಟ್‌ವೇರ್ ಹಾಕಿ, ಆಮೇಲೆ ವೈರ್ ಹಾಕಿ. ಕಂಪ್ಯೂಟರಿಗೆ ಬೋರ್ಡ್ ಕಾಣದಿದ್ದರೆ ಸಾಮಾನ್ಯವಾಗಿ ತಪ್ಪು ಕೇಬಲಿನದು: ಮೊಬೈಲ್ ಚಾರ್ಜರಿನ ಜತೆ ಬರುವ ಕೆಲವು ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದಿಲ್ಲ. ಕೇಬಲ್ ಬದಲಿಸಿಯೂ ಕಾಣದಿದ್ದರೆ ಬೋರ್ಡಿನ ಚಿಪ್ ನೋಡಿ ಸಿಎಚ್ 340 ಅಥವಾ ಸಿಪಿ 2102 ಡ್ರೈವರ್ ಹಾಕಿ.

ವೈರ್ ಹೀಗೆ: ಎಸ್‌ಡಿಎಸ್ 011ರ ಟಿಎಕ್ಸ್ ಕಾಲು (ಪಿನ್) ಬೋರ್ಡಿನ ಡಿ1ಕ್ಕೆ, ಆರ್‌ಎಕ್ಸ್ ಡಿ2ಕ್ಕೆ, ಗ್ರೌಂಡ್ ಗ್ರೌಂಡಿಗೆ, 5 ವೋಲ್ಟ್ ಕಾಲು ಬೋರ್ಡಿನ ವಿಯು ಎಂದು ಬರೆದ ಕಾಲಿಗೆ. ಬಿಎಂಇ 280ರ ಎಸ್‌ಡಿಎ ಡಿ3ಕ್ಕೆ, ಎಸ್‌ಸಿಎಲ್ ಡಿ4ಕ್ಕೆ, ಗ್ರೌಂಡ್ ಗ್ರೌಂಡಿಗೆ, ವಿಸಿಸಿ 3.3 ವೋಲ್ಟಿಗೆ. ಇದನ್ನು 5 ವೋಲ್ಟಿಗೆ ಹಾಕಿದರೆ ಸುಟ್ಟೀತು.

ಕರೆಂಟ್ ಕೊಟ್ಟಾಗ ಬೋರ್ಡ್ ತನ್ನದೇ ವೈಫೈ ಹೊರಡಿಸುತ್ತದೆ, ಹೆಸರು ‘ಏರ್‌ರೋರ್’ ಮತ್ತು ಒಂದು ನಂಬರ್. ಆ ನಂಬರ್ ಬರೆದಿಟ್ಟುಕೊಳ್ಳಿ, ಜಾಲದಲ್ಲಿ ನೋಂದಣಿಗೆ ಬೇಕು. ಮೊಬೈಲಿನಿಂದ ಆ ವೈಫೈಗೆ ಸೇರಿ ಬ್ರೌಸರಿನಲ್ಲಿ 192.168.4.1 ತೆರೆದು ಮನೆಯ ವೈಫೈ ಹೆಸರು, ಪಾಸ್‌ವರ್ಡ್ ಕೊಡಿ. ಪುಟ ತೆರೆಯದಿದ್ದರೆ ಮೊಬೈಲ್ ಡೇಟಾ ಆಫ್ ಮಾಡಿ. ‘ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ’ ಎಂದು ಫೋನು ತಾನಾಗಿಯೇ ಮೊಬೈಲ್ ಡೇಟಾಗೆ ಜಿಗಿದಿರುತ್ತದೆ. ಬೋರ್ಡಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, ರೂಟರಿನ 5 ಗಿಗಾಹರ್ಟ್ಸ್ ಹೆಸರು ಪಟ್ಟಿಯಲ್ಲಿ ಬರುವುದಿಲ್ಲ.

ಎರಡು ಎಲ್ಬೋಗಳನ್ನು ಸೇರಿಸಿ ಎರಡೂ ಬಾಯಿ ನೆಲ ನೋಡುವಂತೆ ಮಾಡಿ, ಒಳಗೆ ಎಲ್ಲವನ್ನೂ ಟೈ ಹಾಕಿ ಬಿಗಿಯಿರಿ. ಪೈಪಿನ ತುದಿ ಒಂದು ಬಾಯಿಯ ಹತ್ತಿರ ಬರಲಿ. ಬಿಎಂಇ 280 ಕೂಡ ಬಾಯಿಯ ಅಂಚಿನಲ್ಲೇ ಇರಲಿ. ಬೋರ್ಡಿನ ಪಕ್ಕದಲ್ಲಿದ್ದರೆ ಅದರ ಬಿಸಿಗೆ ತಾಪ ಜಾಸ್ತಿ, ತೇವಾಂಶ ಕಡಿಮೆ ತೋರಿಸಿ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ. ಕೊನೆಗೆ ಬಾಯಿಗಳಿಗೆ ಸೊಳ್ಳೆ ಪರದೆ ಕಟ್ಟಿ. ಕಟ್ಟದಿದ್ದರೆ ಮೊದಲು ಜೇಡ, ಆಮೇಲೆ ಹಲ್ಲಿ, ಕೊನೆಗೆ ಕಣಜ ಗೂಡು ಮಾಡುತ್ತವೆ.

ಎಲ್ಲಿ ತೂಗುಹಾಕಬೇಕು?

ನೆಲದಿಂದ 2–3 ಮೀಟರ್ ಎತ್ತರ, ನೆರಳು, ಕನಿಷ್ಠ ಎರಡು ಕಡೆಯಿಂದ ಗಾಳಿ ಆಡುವ ಜಾಗ. ಅಡುಗೆಮನೆಯ ಎಕ್ಸಾಸ್ಟ್, ಜನರೇಟರ್, ಬೇಕರಿ ಚಿಮಣಿಯ ಹತ್ತಿರ ಬೇಡ. ಒತ್ತಾದ ಮರದ ಒಳಗೂ ಬೇಡ, ಎಲೆ ಧೂಳನ್ನು ಹಿಡಿದುಕೊಳ್ಳುತ್ತದೆ.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ನೋಡಬೇಕು: ಬಚ್ಚಲೊಲೆ. ತುಮಕೂರಿನ ಹಳೆಯ ಬಡಾವಣೆಗಳಲ್ಲೂ ಹಳ್ಳಿಗಳಲ್ಲೂ ಬೆಳಗ್ಗೆ ಹಂಡೆಗೆ ತೆಂಗಿನ ಮಟ್ಟೆ, ಗರಿ, ಕರಟ ಹಾಕಿ ನೀರು ಕಾಯಿಸುತ್ತಾರೆ. ಹಸಿ ಮಟ್ಟೆಯ ಹೊಗೆ ಮೇಲೇಳದೆ ಸೂರಿನ ಮಟ್ಟದಲ್ಲೇ ಹರಡುತ್ತದೆ. ನಿಮ್ಮ ಮನೆಯ ಬಚ್ಚಲ ಗೂಡಿನ ಎದುರು ಸೆನ್ಸರ್ ಇಟ್ಟರೆ ಅದು ನಿಮ್ಮ ಒಲೆಯನ್ನೇ ಅಳೆಯುತ್ತದೆ, ಬೀದಿಯನ್ನಲ್ಲ. ಬೀದಿಯೇ ಪೂರ್ತಿ ಒಲೆ ಹಚ್ಚುವುದಾದರೆ ಆ ಹೊಗೆ ಲೆಕ್ಕಕ್ಕೆ ಬರಲೇಬೇಕು. ನಿಮ್ಮ ಗೂಡಿನಿಂದ ಮಾತ್ರ 5 ಮೀಟರ್ ದೂರವಿಡಿ.

ಮನೆಯೊಳಗೆ ಇಟ್ಟರೆ?

ಇಡಿ, ಒಂದು ವಾರವಾದರೂ ಇಟ್ಟು ನೋಡಿ. ಅಗರಬತ್ತಿ, ಸೊಳ್ಳೆಬತ್ತಿ, ಕಿಟಕಿ ಮುಚ್ಚಿ ಹಾಕಿದ ಒಣಮೆಣಸಿನಕಾಯಿ ಒಗ್ಗರಣೆ ಇವುಗಳಿಂದ ಒಳಗಿನ ಅಂಕಿ ಹೊರಗಿನದನ್ನು ಎಷ್ಟೋ ಸಲ ಮೀರಿಸುತ್ತದೆ. ಮುಚ್ಚಿದ ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ ರಾತ್ರಿಯಿಡೀ ಉರಿಯುವುದನ್ನು ಗ್ರಾಫಿನಲ್ಲಿ ನೋಡಿದ ಮನೆಯವರು ಸೊಳ್ಳೆ ಪರದೆಗೆ ಬದಲಾಗುವುದು ಸಹಜ, ಬದಲಾಗಲೂ ಬೇಕು. ಒಳಗಿನ ಸೆನ್ಸರನ್ನು ಮಾತ್ರ ಜಾಲದ ಸಾರ್ವಜನಿಕ ನಕ್ಷೆಗೆ ಸೇರಿಸಬೇಡಿ.

ಚಳಿಗಾಲದ ಬೆಳಗ್ಗೆ ಅಂಕಿ ದಿಢೀರನೆ ಏರುತ್ತದೆ. ಹೊಗೆಯೋ ಮಂಜೋ?

ಎರಡೂ ಇರಬಹುದು. ತೇವಾಂಶ ಹೆಚ್ಚಾದಾಗ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ, ಊದಿದ ಕಣ ಹೆಚ್ಚು ಬೆಳಕು ಚದುರಿಸುತ್ತದೆ. ಸರ್ಕಾರಿ ಯಂತ್ರಗಳು ಗಾಳಿಯನ್ನು ಬಿಸಿ ಮಾಡಿ ಒಣಗಿಸಿ ಅಳೆಯುತ್ತವೆ, ನಮ್ಮದು ಹಸಿಯಾಗಿಯೇ ಅಳೆಯುತ್ತದೆ. ತೇವಾಂಶ ಶೇ 80 ಇದ್ದಾಗ ಅಂಕಿ ಸುಮಾರು ಒಂದೂವರೆ ಪಟ್ಟು, ಶೇ 90ರ ಆಸುಪಾಸಿನಲ್ಲಿ ಎರಡು ಪಟ್ಟು ಬರುವುದು ಸಾಮಾನ್ಯ. ಕಣಗಳ ಬಗೆಯ ಮೇಲೆ ಇದು ಹೆಚ್ಚುಕಡಿಮೆ ಆಗುತ್ತದೆ. ಮಂಜಿನ ಹನಿಯೇ ಒಳಗೆ ಹೋದರೆ ಅಂಕಿಗೆ ಅರ್ಥವೇ ಇಲ್ಲ.

ಅತಿ ಸರಳ ಉಪಾಯ: ತೇವಾಂಶ ಶೇ 85 ದಾಟಿದ ಗಂಟೆಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ಅವುಗಳ ಮೇಲೆ ತೀರ್ಮಾನ ಕಟ್ಟಬೇಡಿ. ಅಮೆರಿಕದ ಪರಿಸರ ಸಂಸ್ಥೆ ಪರ್ಪಲ್‌ಏರ್‌ಗೆ ಕೊಟ್ಟ ತಿದ್ದುಪಡಿ ಸೂತ್ರ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ: ಅಂಕಿಯನ್ನು 0.524ರಿಂದ ಗುಣಿಸಿ, ತೇವಾಂಶದ 0.0862 ಪಟ್ಟನ್ನು ಕಳೆದು, 5.75 ಕೂಡುವುದು. ಅದು ಅಲ್ಲಿನ ಗಾಳಿಗೆ, ಆ ಸೆನ್ಸರಿಗೆ ಹೊಂದಿಸಿದ ಲೆಕ್ಕ. ತುಮಕೂರಿನ ಎಸ್‌ಡಿಎಸ್ 011ಗೆ ಅದನ್ನು ಹಾಕುವುದು ಬೇರೆಯವರ ಕನ್ನಡಕ ಹಾಕಿಕೊಂಡಂತೆ.

ನನ್ನ ಸೆನ್ಸರ್ ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಕನಿಷ್ಠ 2 ಸೆನ್ಸರ್‌ಗಳನ್ನು ಒಂದು ಮೀಟರಿನೊಳಗೆ ಅಕ್ಕಪಕ್ಕ ತೂಗುಹಾಕಿ 7 ದಿನ ಓಡಿಸಿ. ಗಂಟೆಯ ಸರಾಸರಿಗಳನ್ನು ಹೋಲಿಸಿ. ಎರಡರ ನಡುವಿನ ಅಂತರ ಶೇ 15ರೊಳಗಿದ್ದರೆ, ಏರುವಾಗ ಇಳಿಯುವಾಗ ಜತೆಯಾಗಿ ಸಾಗಿದರೆ ಸಾಕು. ಒಂದು ಯಾವಾಗಲೂ ಶೇ 20 ಜಾಸ್ತಿ ತೋರಿಸಿದರೆ ಅದು ತೊಂದರೆಯಲ್ಲ, ಗುಣಿಸಿ ಸರಿಪಡಿಸಬಹುದು. ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಎಂದು ಅಡ್ಡಾದಿಡ್ಡಿ ಹೋಗುವ ಸೆನ್ಸರ್ ಮಾತ್ರ ಕೆಲಸಕ್ಕೆ ಬಾರದು.

ಸೊನ್ನೆಯ ಪರೀಕ್ಷೆಗೆ ಏರ್ ಪ್ಯೂರಿಫೈಯರ್ ಇರುವ ಮುಚ್ಚಿದ ಕೋಣೆಯಲ್ಲಿ ಎರಡು ಗಂಟೆ ಇಡಿ. ಅಂಕಿ 5ರ ಕೆಳಗೆ ಇಳಿಯಬೇಕು. ಸರ್ಕಾರಿ ಕೇಂದ್ರದ ಜತೆ ಹೋಲಿಸುವುದಿದ್ದರೆ ದಿನದ ಸರಾಸರಿಗಳನ್ನಷ್ಟೇ ಹೋಲಿಸಿ, ಅದೂ ಮಳೆ, ಮಂಜು ಇಲ್ಲದ ದಿನಗಳಲ್ಲಿ.

ಕರೆಂಟ್ ಹೋದರೆ?

ಸೆನ್ಸರ್ ಮತ್ತು ಬೋರ್ಡ್ ಸೇರಿ ಸುಮಾರು 1 ವ್ಯಾಟ್ ಎಳೆಯುತ್ತವೆ, ತಿಂಗಳಿಗೆ ಒಂದು ಯೂನಿಟ್ ಕೂಡ ಆಗದು. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಹೆಚ್ಚುಕಡಿಮೆ ಒಂದು ದಿನ ಬರುತ್ತದೆ. ಆದರೆ ಚಾರ್ಜ್ ಆಗುತ್ತಲೇ ಕರೆಂಟ್ ಕೊಡುವ ಬಗೆಯದನ್ನೇ ಕೇಳಿ ತಗೊಳ್ಳಿ. ಅದಕ್ಕಿಂತ ಮುಖ್ಯ, ರೂಟರಿಗೂ ಬ್ಯಾಕಪ್ ಇರಲಿ. ಸೆನ್ಸರ್ ಎಚ್ಚರವಿದ್ದು ರೂಟರ್ ಆಫ್ ಆದರೆ ಆ ಹೊತ್ತಿನ ಮಾಹಿತಿ ಹೋದಂತೆಯೇ.

ಪದೇ ಪದೇ ಕಾಣುವ ತೊಂದರೆಗಳು?

ಧೂಳಿನ ಅಂಕಿ ಬರುವುದೇ ಇಲ್ಲ, ತೇವಾಂಶ ಮಾತ್ರ ಬರುತ್ತಿದೆ: ಡಿ1, ಡಿ2 ಅದಲುಬದಲಾಗಿವೆ. ಗಂಟೆಗಟ್ಟಲೆ ಒಂದೇ ಅಂಕಿ: ಫ್ಯಾನ್ ನಿಂತಿದೆ ಅಥವಾ ಪೈಪಿನಲ್ಲಿ ಜೇಡರ ಬಲೆ. 999.9ಕ್ಕೆ ಹೋಗಿ ಕೂತಿದೆ: ಎಸ್‌ಡಿಎಸ್ 011 ತೋರಿಸುವ ಗರಿಷ್ಠವೇ ಅದು, ಒಳಗೆ ಹುಳ ಹೋಗಿದೆ ಅಥವಾ ಮಂಜಿನ ಹನಿ ಕೂತಿದೆ. ಬೋರ್ಡ್ ಮತ್ತೆ ಮತ್ತೆ ರೀಸ್ಟಾರ್ಟ್: ಚಾರ್ಜರ್ ದುರ್ಬಲ ಅಥವಾ ಕೇಬಲ್ ತೀರಾ ಉದ್ದ. ತೇವಾಂಶ ದಿನವಿಡೀ ಶೇ 100: ಬಿಎಂಇ 280 ನೆನೆದಿದೆ, ಒಣಗಿಸಿ ನೋಡಿ. ಸಂಜೆ ಕೆಲವೇ ನಿಮಿಷದಲ್ಲಿ ನೂರಾರಕ್ಕೆ ಜಿಗಿದು ಅರ್ಧ ಗಂಟೆಯಲ್ಲಿ ಇಳಿದರೆ ಬೀದಿಯಲ್ಲಿ ಸೊಳ್ಳೆಗೆ ಫಾಗಿಂಗ್ ಆಗಿದೆಯೇ ವಿಚಾರಿಸಿ, ಸೆನ್ಸರ್ ಸರಿಯಾಗಿಯೇ ಇದೆ.

ಶುಚಿ ಮಾಡಲು ಕ್ಯಾಮೆರಾ ಲೆನ್ಸಿನ ರಬ್ಬರ್ ಬ್ಲೋವರ್ ಸಾಕು, ಮೂರು ತಿಂಗಳಿಗೊಮ್ಮೆ. ಬಾಯಿಂದ ಊದಬೇಡಿ, ಉಸಿರಿನ ಪಸೆ ಲೆನ್ಸಿಗೆ ಅಂಟಿ ಧೂಳನ್ನು ಹಿಡಿದಿಡುತ್ತದೆ.

ಗ್ರಾಫನ್ನು ಓದುವುದು ಹೇಗೆ?

ಮೊದಲು ಗಡಿಯಾರ ನೋಡಿ. ಜಾಲದಿಂದ ಡೌನ್‌ಲೋಡ್ ಮಾಡಿದ ಫೈಲಿನಲ್ಲಿ ಸಮಯ ಅಂತರರಾಷ್ಟ್ರೀಯ ಗಡಿಯಾರದ್ದು. ನಮ್ಮದಕ್ಕೆ ಐದೂವರೆ ಗಂಟೆ ಕೂಡಬೇಕು. ಫೈಲಿನಲ್ಲಿ 2 ಗಂಟೆಗೆ ಕಾಣುವ ಏರಿಕೆ ನಿಜಕ್ಕೂ ಬೆಳಗ್ಗೆ ಏಳೂವರೆಯದು. ಇದನ್ನು ಮರೆತವರು ಬೆಳಗಿನ ಒಲೆಯ ಹೊಗೆಯನ್ನು ನಡುರಾತ್ರಿ ಯಾರೋ ಕಸ ಸುಟ್ಟದ್ದು ಎಂದು ಭಾವಿಸುತ್ತಾರೆ.

ನವೆಂಬರ್‌ನಿಂದ ಫೆಬ್ರವರಿಯವರೆಗೆ ದಿನಕ್ಕೆ ಎರಡು ದಿಬ್ಬ ಕಾಣುವುದು ಸಹಜ: ಬೆಳಗ್ಗೆ 7–9, ರಾತ್ರಿ 8–11. ರಾತ್ರಿ ನೆಲ ತಣ್ಣಗಾಗಿ ಅದರ ಮೇಲಿನ ಗಾಳಿ ಅಲುಗಾಡದೆ ನಿಲ್ಲುತ್ತದೆ, ಹೊಗೆ ಚದುರಲು ಜಾಗ ಸಿಗುವುದಿಲ್ಲ. ಮಧ್ಯಾಹ್ನ ಬಿಸಿಲಿಗೆ ಗಾಳಿ ಮೇಲೆದ್ದು ಬೆರೆತಾಗ, ಸುಮಾರು 2–4ರ ಹೊತ್ತಿಗೆ, ಅಂಕಿ ಅತಿ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಪಶ್ಚಿಮದ ಗಾಳಿ ಎರಡೂ ಸೇರಿ ಇಡೀ ಗ್ರಾಫ್ ಕೆಳಗಿರುತ್ತದೆ. ಈ ಮಾಮೂಲಿ ಆಕಾರಕ್ಕೆ ಹೊಂದದ ಏರಿಕೆಯನ್ನೇ ಹುಡುಕಬೇಕು.

ಹೊಗೆ ಎಲ್ಲಿಂದ ಬರುತ್ತಿದೆ ಎಂದು ಹಿಡಿಯಬಹುದೇ?

ಗಾಳಿಯ ದಿಕ್ಕನ್ನು ಜತೆಗೆ ಬರೆದಿಟ್ಟರೆ ಹಿಡಿಯಬಹುದು. ಮಹಡಿಯ ಮೇಲೆ ಕೋಲಿಗೆ ಹಗುರ ಬಟ್ಟೆಯ ಪಟ್ಟಿ ಕಟ್ಟಿದರೂ ಆದೀತು. ನಮ್ಮಲ್ಲಿ ಮುಂಗಾರಿನಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ. ಚಳಿಗಾಲದಲ್ಲಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ. ಕಸ ಸುಡುವ ಜಾಗವೋ, ಗುಬ್ಬಿ-ತಿಪಟೂರು ಕಡೆಯ ಹಾಗೆ ಕರಟ ಸುಟ್ಟು ಇದ್ದಿಲು ಮಾಡುವ ಗುಂಡಿಯೋ ನಿಮ್ಮ ಪೂರ್ವಕ್ಕಿದ್ದರೆ ಡಿಸೆಂಬರಿನಲ್ಲಿ ನಿಮಗೆ ತೊಂದರೆ, ಜುಲೈಯಲ್ಲಿ ಆಚೆ ಊರಿಗೆ. ಮೂಲದ ಎರಡೂ ಬದಿಗೆ ಒಂದೊಂದು ಸೆನ್ಸರ್ ಇದ್ದು, ಗಾಳಿ ಬೀಸಿಕೊಂಡು ಹೋಗುವ ಕಡೆಯದು ಮಾತ್ರ ಏರಿ ಇನ್ನೊಂದು ಏರದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಒಂದೇ ಸೆನ್ಸರಿನಿಂದ ಯಾರ ಮೇಲೂ ಬೆರಳು ತೋರಿಸಬೇಡಿ.

ಈ ಮಾಹಿತಿ ಇಟ್ಟುಕೊಂಡು ದೂರು ಕೊಡಬಹುದೇ?

ಕೊಡಬಹುದು, ಕೊಡಲೇಬೇಕು. ಆದರೆ ಮನೆ ಸೆನ್ಸರಿನ ಅಂಕಿ ಕಾನೂನಿನ ಸಾಕ್ಷಿಯಲ್ಲ ಎಂದು ತಿಳಿದು ಕೊಡಿ. ದೂರಿನಲ್ಲಿ ‘ಪಿಎಂ 2.5 ಮಿತಿ ಮೀರಿದೆ’ ಎಂದು ಬರೆಯುವುದಕ್ಕಿಂತ ‘ಇಂಥ ಜಾಗದಲ್ಲಿ ಇಂಥ ದಿನಗಳಂದು ಸಂಜೆ 6ರಿಂದ 8ರವರೆಗೆ ಹೊಗೆ ಏರುತ್ತಿದೆ, ಗ್ರಾಫ್ ಮತ್ತು ಸಮಯ ಸಹಿತ ಫೋಟೊ ಲಗತ್ತಿಸಿದೆ, ಆ ಹೊತ್ತಿನಲ್ಲೇ ಬಂದು ಪರಿಶೀಲಿಸಿ’ ಎಂದು ಬರೆಯಿರಿ. ಅಧಿಕಾರಿ ಬೆಳಗ್ಗೆ 11ಕ್ಕೆ ಬಂದು ‘ಏನೂ ಇಲ್ಲ’ ಎಂದು ಹೋಗುವುದು ಇದರಿಂದ ತಪ್ಪುತ್ತದೆ.

ಬೀದಿಯಲ್ಲಿ ಕಸ ಸುಡುವುದಾದರೆ ಮಹಾನಗರ ಪಾಲಿಕೆಗೆ; ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿ, ಸಾಮಾನ್ಯ ಸುಡುವಿಕೆಗೆ 5,000, ದೊಡ್ಡ ಪ್ರಮಾಣದ್ದಕ್ಕೆ 25,000 ರೂಪಾಯಿ ದಂಡ ಹೇಳಿದೆ. ಕಾರ್ಖಾನೆ, ಕ್ರಷರ್ ಆದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ತುಮಕೂರು ಪ್ರಾದೇಶಿಕ ಕಚೇರಿಗೆ. ಕ್ರಷರ್ ವಿಷಯದಲ್ಲಿ ಡಸ್ಟ್ ಸ್ಯಾಂಪ್ಲರ್ ತಂದು ಫಿಲ್ಟರ್ ತೂಗುವ ವಿಧಾನದಲ್ಲೇ ಅಳೆಯಬೇಕೆಂದು ಲಿಖಿತವಾಗಿ ಕೇಳಿ. ಪಾತ್ರೆಯಲ್ಲಿ ಹಿಡಿದ ಧೂಳಿನ ತೂಕವನ್ನೂ ಜತೆಗೆ ಕೊಡಿ.

ಎಂಕ್ಯೂ 135 ಎಂಬ ಗ್ಯಾಸ್ ಸೆನ್ಸರ್ ಅಗ್ಗವಾಗಿದೆ, ಸೇರಿಸಲೇ?

ಬೇಡ. ಅಮೋನಿಯಾ, ಆಲ್ಕೊಹಾಲ್, ಹೊಗೆ, ತೇವಾಂಶ ಎಲ್ಲಕ್ಕೂ ಒಟ್ಟಿಗೆ ಅಲುಗಾಡುವ ಸೆನ್ಸರ್ ಅದು. ಯಾವುದು ಎಷ್ಟು ಎಂದು ಹೇಳಲಾರದು. ತರಗತಿ ಕೋಣೆಯ ಇಂಗಾಲದ ಡೈಆಕ್ಸೈಡ್ ನೋಡಬೇಕಿದ್ದರೆ ಅತಿಗೆಂಪು ಬೆಳಕಿನಿಂದ ಅಳೆಯುವ ಎಂಎಚ್-ಝಡ್ 19 ಅಥವಾ ಎಸ್‌ಸಿಡಿ 30 ತಗೊಳ್ಳಿ.

ಎಷ್ಟು ಬಂದರೆ ಮಕ್ಕಳನ್ನು ಆಟಕ್ಕೆ ಬಿಡಬಾರದು?

ಭಾರತದ ಕೋಷ್ಟಕದಲ್ಲಿ ಪಿಎಂ 2.5ರ ದಿನದ ಸರಾಸರಿ 60 ದಾಟಿದರೆ ಅಸ್ತಮಾ, ಹೃದಯದ ತೊಂದರೆ ಇರುವವರಿಗೆ ಉಸಿರಾಟ ಕಷ್ಟವಾಗಬಹುದು. 90 ದಾಟಿ ಹೊತ್ತುಗಟ್ಟಲೆ ಅದರಲ್ಲೇ ಇದ್ದರೆ ಬಹುತೇಕ ಎಲ್ಲರಿಗೂ. ಚಳಿಗಾಲದಲ್ಲಿ ಆಟವನ್ನು ಬೆಳಗ್ಗೆ ಏಳರಿಂದ ಸಂಜೆ ನಾಲ್ಕಕ್ಕೆ ಬದಲಿಸುವುದೇ ದೊಡ್ಡ ಉಪಕಾರ. ಬಟ್ಟೆ ಮಾಸ್ಕ್ ಈ ಕಣಗಳನ್ನು ತಡೆಯದು, ಮುಖಕ್ಕೆ ಬಿಗಿಯಾಗಿ ಕೂರುವ ಎನ್ 95 ತಡೆಯುತ್ತದೆ. ಉಬ್ಬಸ ಇರುವ ಮಗುವಿನ ವಿಷಯದಲ್ಲಿ ಸೆನ್ಸರಿಗಿಂತ ವೈದ್ಯರ ಮಾತು ಮೊದಲು.

ಸೆನ್ಸರ್ ಎಷ್ಟು ದಿನ ಬಾಳುತ್ತದೆ?

ಎಸ್‌ಡಿಎಸ್ 011ರ ಲೇಸರ್‌ಗೆ ತಯಾರಕರು ಹೇಳುವ ಆಯಸ್ಸು 8,000 ಗಂಟೆ, ಸತತವಾಗಿ ಓಡಿಸಿದರೆ 11 ತಿಂಗಳು. ಮೇಲೆ ಹೇಳಿದ ಸಾಫ್ಟ್‌ವೇರ್ ಸುಮಾರು ಎರಡೂವರೆ ನಿಮಿಷಕ್ಕೊಮ್ಮೆ ಕೆಲವು ಸೆಕೆಂಡ್ ಮಾತ್ರ ಓಡಿಸುವುದರಿಂದ ವರ್ಷಗಳು ಬರುತ್ತವೆ, ಆದರೆ ನಮ್ಮ ಧೂಳಿಗೆ ಫ್ಯಾನ್ ಮೊದಲು ಸೋಲುತ್ತದೆ. ಫ್ಯಾನ್ ಕಿರುಗುಡಲು ಶುರುವಾದಾಗಲೇ ಹೊಸದನ್ನು ತರಿಸಿ, ಹಳೆಯದನ್ನು ಕೀಳುವ ಮುಂಚೆ ಎರಡನ್ನೂ 7 ದಿನ ಅಕ್ಕಪಕ್ಕ ಓಡಿಸಿ ಅಂತರ ಬರೆದಿಟ್ಟುಕೊಳ್ಳಿ. ಹಾಗೆ ಮಾಡಿದರೆ ಹಿಂದಿನ ವರ್ಷದ ಡಿಸೆಂಬರನ್ನು ಈ ವರ್ಷದ ಡಿಸೆಂಬರಿನ ಜತೆ ಹೋಲಿಸಬಹುದು.